ಟ್ಯೂಬಿನಲ್ಲಿ ಉಣ್ಣುವ ಮಗು, ಸಿಂಕಿಗೆ ಹೋಗುವ ನಾರು: ದೋಷ ಹುಡುಕುವ ಕೈಪಿಡಿ

ನಮ್ಮ ಮಗಳಿಗೆ ಆರು ವರ್ಷ, ತೂಕ 14 ಕೆಜಿ. ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮಿದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗುವುದಿಲ್ಲ. ನುಂಗಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಎರಡು ವರ್ಷದ ಹಿಂದೆ ಹೊಟ್ಟೆಗೆ ಟ್ಯೂಬ್ ಹಾಕಿದರು. ಊರು ಹಾಸನದ ಕಡೆ, ಇರುವುದು ಪುಣೆಯ ಚಿಂಚ್ವಡದಲ್ಲಿ. ದಿನಕ್ಕೆ ಆರು ಫೀಡ್. ಒಂದೊಂದು 150 ಮಿಲಿ. ಆರರಲ್ಲಿ ನಾಲ್ಕು ಫೀಡ್ ಡಬ್ಬಿಯಲ್ಲಿ ಬರುವ ಪುಡಿ, ಅಂದರೆ ಫಾರ್ಮುಲಾ ಕಲಸಿದ್ದು, ಎರಡು ಮನೆಯದ್ದು: ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಹೆಸರುಬೇಳೆ ಮತ್ತು ಕ್ಯಾರೆಟ್.

ಕಳೆದ ಏಪ್ರಿಲ್‌ನಲ್ಲಿ ಐದು ದಿನ ಮೋಷನ್ ಆಗಲಿಲ್ಲ. ಆರನೇ ದಿನ ಆಡಿನ ಹಿಕ್ಕೆಯಂಥದ್ದು ನಾಲ್ಕು ಉಂಡೆ. ಎಂಟನೇ ದಿನದಿಂದ ಡಯಾಪರ್ ತುಂಬ ನೀರು ನೀರು. ಸದ್ಯ, ಹೊಟ್ಟೆ ಬಿಟ್ಟುಕೊಂಡಿತು ಎಂದುಕೊಂಡೆ. ಮರುದಿನವೂ ಅದೇ ಆದಾಗ ಭೇದಿ ಎಂದುಕೊಂಡು ಕ್ಯಾರೆಟ್, ಬೇಳೆ ನಿಲ್ಲಿಸಿದೆ. ಎರಡೂ ತಪ್ಪು. ಡಾಕ್ಟರ್ ಎಡ ಕೆಳಹೊಟ್ಟೆಯನ್ನು ಒತ್ತಿ ನನ್ನ ಬೆರಳನ್ನೂ ಅಲ್ಲಿಟ್ಟು ತೋರಿಸಿದರು. ಹಸಿ ಆಲೂಗಡ್ಡೆ ಮುಟ್ಟಿದ ಹಾಗಿತ್ತು. ಗಟ್ಟಿಯಾದ ಮಲ ಒಳಗೇ ಕೂತಿತ್ತು, ಅದರ ಪಕ್ಕದಿಂದ ನೀರು ಮಾತ್ರ ಜಾರಿ ಬರುತ್ತಿತ್ತು. ಟ್ಯೂಬಿನ ಮಕ್ಕಳಲ್ಲಿ ಭೇದಿ ಕಂಡಾಗ ಹಿಂದಿನ ವಾರ ಏನಾಗಿತ್ತು ಎಂದು ಮೊದಲು ನೋಡಬೇಕು ಅಂತ ಕಲಿತದ್ದು ಆವತ್ತು.

ನಾನು ಡಾಕ್ಟರೂ ಅಲ್ಲ, ಡಯಟಿಷಿಯನ್ನೂ ಅಲ್ಲ. ಇಲ್ಲಿರುವ ಅಂಕಿಗಳು ನಮ್ಮ ಮಗುವಿನವು. ನಿಮ್ಮ ಮಗುವಿನ ಅಂಕಿ ಬೇರೆ, ಅದನ್ನು ನಿಮ್ಮ ಡಾಕ್ಟರ್ ಜೊತೆ ಕೂತು ಹಾಕಿಕೊಳ್ಳಿ. ಟ್ಯೂಬಿನಲ್ಲಿ ಉಣ್ಣುವ ಮಗುವಿಗೆ ಹೊಟ್ಟೆ ಕಟ್ಟಿದ್ದೇಕೆ, ಕೆಟ್ಟಿದ್ದೇಕೆ ಎಂದು ಹುಡುಕುವ ದಾರಿ ಮಾತ್ರ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ.

ಇವು ಕಂಡರೆ ಓದುವುದು ಬಿಟ್ಟು ಹೊರಡಿ

ಹಸಿರು ವಾಂತಿ. ಮಲದಲ್ಲಿ ರಕ್ತ. ಹೊಟ್ಟೆ ಹಲಗೆಯಂತೆ ಬಿಗಿದು ಮುಟ್ಟಿದರೆ ಅಳುವುದು. ಜ್ವರದ ಜೊತೆ ಭೇದಿ. ಆರೇಳು ಗಂಟೆ ಮೂತ್ರ ಇಲ್ಲದಿರುವುದು, ಮಂಕಾಗಿ ಮಲಗಿಬಿಡುವುದು. ಟ್ಯೂಬ್ ಹಾಕಿ ಇನ್ನೂ ಕೆಲವೇ ವಾರ ಆಗಿದ್ದು ಅದು ಕಿತ್ತು ಬಂದಿರುವುದು. ಈ ಕೊನೆಯದರಲ್ಲಿ ಮನೆಯಲ್ಲೇ ವಾಪಸ್ ತೂರಿಸಲು ಹೋಗಲೇಬೇಡಿ. ದಾರಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಟ್ಯೂಬ್ ಹೊಟ್ಟೆಚೀಲದ ಬದಲು ಬೇರೆಲ್ಲೋ ಹೋಗಿ ಕೂರಬಹುದು.

ಮೂರು ದಿನ ಬರೆಯಿರಿ

ಬರೆಯದೆ ಹುಡುಕಿದರೆ ಕತ್ತಲಲ್ಲಿ ತಡಕಿದ ಹಾಗೆ. ಒಂದು ಹಳೆಯ ಕ್ಯಾಲೆಂಡರಿನ ಹಿಂಭಾಗ ಸಾಕು. ಪ್ರತಿ ಫೀಡ್ ಎಷ್ಟು ಮಿಲಿ, ಮೊದಲು ಎಷ್ಟು ನೀರು, ಆಮೇಲೆ ಎಷ್ಟು ನೀರು, ಯಾವ ಔಷಧಿ ಯಾವಾಗ, ಮೋಷನ್ ಹೇಗಿತ್ತು. ಈ ‘ಹೇಗಿತ್ತು’ ಎಂಬುದಕ್ಕೆ ಬ್ರಿಸ್ಟಲ್ ಪಟ್ಟಿ ಎಂಬ ಸುಲಭದ ಅಳತೆ ಇದೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು ಮಾಡಿದ್ದು, 1997ರಲ್ಲಿ ಪ್ರಕಟವಾಗಿ ಆಮೇಲೆ ಎಲ್ಲ ಕಡೆ ಬಳಕೆಗೆ ಬಂತು. 1 ಅಂದರೆ ಹಿಕ್ಕೆ, 4 ಅಂದರೆ ಬಾಳೆಹಣ್ಣಿನಂತೆ ನಯ, 7 ಅಂದರೆ ಬರೀ ನೀರು. ಫೋನಿನಲ್ಲಿ ‘ಸ್ವಲ್ಪ ಗಟ್ಟಿ ಡಾಕ್ಟ್ರೇ’ ಎನ್ನುವ ಬದಲು ‘2’ ಎಂದರೆ ಅವರಿಗೆ ತಟ್ಟನೆ ಗೊತ್ತಾಗುತ್ತದೆ. ಭಾಷೆ ಮರಾಠಿಯೋ ಹಿಂದಿಯೋ ಎಂಬ ತಾಪತ್ರಯವೂ ಇಲ್ಲ.

ಮೋಷನ್ ಆಗುತ್ತಿಲ್ಲ: ನಾರಿಗೆ ಕೈ ಹಾಕುವ ಮೊದಲು

ಎಲ್ಲರೂ ಮೊದಲು ಹೇಳುವುದು ‘ನಾರು ಜಾಸ್ತಿ ಕೊಡಿ’ ಎಂದೇ. ಆದರೆ ಒಳಗೆ ಕಟ್ಟಿ ಕೂತಿರುವಾಗ ಮೇಲಿಂದ ನಾರು ಸುರಿದರೆ ಕಟ್ಟಿದ ಮೋರಿಗೆ ಇನ್ನಷ್ಟು ಕಸ ಹಾಕಿದ ಹಾಗೆ. ಕೂತದ್ದನ್ನು ಮೊದಲು ತೆಗೆಯಬೇಕು. ಅದು ಡಾಕ್ಟರ್ ಕೆಲಸ, ಔಷಧಿಯಿಂದಲೋ ಎನಿಮಾದಿಂದಲೋ ಆಗಬೇಕು. ನಮಗೆ ಮೂರು ದಿನ ಹಿಡಿಯಿತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುವ ಮಕ್ಕಳಿಗೆ ಲಿಕ್ವಿಡ್ ಪ್ಯಾರಾಫಿನ್ ಎಂಬ ಎಣ್ಣೆ ಇರುವ, ಮಲ ಸಡಿಲಿಸುವ ಸಿರಪ್ ಆಗದು. ಆ ಎಣ್ಣೆ ಶ್ವಾಸಕೋಶ ಸೇರಿದರೆ ಬೇರೆಯೇ ಥರದ ನ್ಯುಮೋನಿಯಾ ಬರುತ್ತದೆ. ಅಂಗಡಿಯವರು ಸುಮ್ನೆ ಕೊಟ್ಟುಬಿಡುತ್ತಾರೆ, ಬಾಟಲಿ ತಿರುಗಿಸಿ ಓದಿ.

ಆಮೇಲೆ ನೀರು. ನಮ್ಮ ಲೆಕ್ಕ ಹೀಗಿತ್ತು. ಮಕ್ಕಳಿಗೆ ದಿನಕ್ಕೆ ಬೇಕಾದ ನೀರನ್ನು ಸಾಮಾನ್ಯವಾಗಿ ಮೊದಲ 10 ಕೆಜಿಗೆ ಕೆಜಿಗೆ 100 ಮಿಲಿ, ಮುಂದಿನ 10 ಕೆಜಿಗೆ ಕೆಜಿಗೆ 50 ಮಿಲಿ ಎಂದು ಹಿಡಿಯುತ್ತಾರೆ. 14 ಕೆಜಿಗೆ 1000 ಮತ್ತು 200, ಒಟ್ಟು 1200 ಮಿಲಿ. ನಾನು ಕೊಡುತ್ತಿದ್ದುದು 900 ಮಿಲಿ ಫೀಡ್, ಪ್ರತಿ ಫೀಡ್ ಆದ ಮೇಲೆ ಟ್ಯೂಬ್ ತೊಳೆಯಲು 20 ಮಿಲಿ ನೀರು. 1020 ಆಯಿತಲ್ಲ, ಪರವಾಗಿಲ್ಲ ಎಂದುಕೊಂಡಿದ್ದೆ. ಆದರೆ ಫೀಡ್ ಪೂರ್ತಿ ನೀರಲ್ಲ! ಮಿಲಿಗೆ ಒಂದು ಕ್ಯಾಲೊರಿ ಇರುವ ಮಾಮೂಲಿ ಫಾರ್ಮುಲಾದಲ್ಲಿ ಸುಮಾರು ನೂರಕ್ಕೆ 85 ಪಾಲು ನೀರು. ಕ್ಯಾಲೊರಿ ಹೆಚ್ಚಿಸಿ ದಪ್ಪಗೆ ಕಲಸಿದರೆ ಇನ್ನೂ ಕಡಿಮೆ. ನಮ್ಮ 900ರಲ್ಲಿ ನೀರು 760ರ ಆಸುಪಾಸು. ತೊಳೆದ 120 ಸೇರಿಸಿದರೆ 880. ಅಂದರೆ ದಿನಕ್ಕೆ 320 ಮಿಲಿ ಖೋತಾ, ಅದೂ ಪುಣೆಯ ಏಪ್ರಿಲ್‌ನಲ್ಲಿ. ಜೊಲ್ಲು ಸುರಿದು ಹೋಗುವುದು ಬೇರೆ. ಬಾಯಾರಿದರೆ ಕೇಳಲು ನಮ್ಮ ಮಗಳಿಗೆ ಮಾತಿಲ್ಲ.

ನೀರು ಸಾಲದೆ ನಾರು ಮಾತ್ರ ಹೆಚ್ಚಿಸಿದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ನಾರು ನೀರನ್ನು ಹೀರಿಕೊಂಡು ಮೆತ್ತಗಾಗಬೇಕು, ಹೀರಲು ನೀರೇ ಇಲ್ಲದಿದ್ದರೆ ಹೇಗೆ? ನಾವು ಒಂದು ವಾರದಲ್ಲಿ ನಿಧಾನವಾಗಿ ಪ್ರತಿ ಫೀಡಿಗೆ 50 ಮಿಲಿಯಂತೆ ನೀರು ಏರಿಸಿದೆವು. ಅರ್ಧ ಫೀಡಿನ ಮೊದಲು, ಅರ್ಧ ಆಮೇಲೆ. ಹೃದಯ ಅಥವಾ ಕಿಡ್ನಿ ತೊಂದರೆ ಇರುವ ಮಕ್ಕಳಿಗೆ ಹೀಗೆ ಏರಿಸುವ ಹಾಗಿಲ್ಲ, ಅವರ ನೀರಿಗೆ ಮಿತಿ ಇರುತ್ತದೆ.

ಮೂರನೆಯದು ಔಷಧಿ. ಜೊಲ್ಲು ಕಡಿಮೆ ಮಾಡಲು ಕೊಡುವ ಗ್ಲೈಕೊಪೈರೊಲೇಟ್, ಮೈ ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಕಬ್ಬಿಣದ ಸಿರಪ್, ಇವೆಲ್ಲ ಹೊಟ್ಟೆ ಕಟ್ಟಿಸುತ್ತವೆ. ನೀವೇ ನಿಲ್ಲಿಸಬೇಡಿ. ಯಾವ ತಾರೀಖಿಗೆ ಶುರುವಾಯಿತು, ಮೋಷನ್ ಯಾವ ತಾರೀಖಿನಿಂದ ನಿಂತಿತು ಎಂದು ಅಕ್ಕಪಕ್ಕ ಬರೆದು ತೋರಿಸಿ.

ನಾರು ನಿಜವಾಗಿ ಎಷ್ಟು ಹೋಗುತ್ತಿದೆ?

ಎರಡು ವರ್ಷ ದಾಟಿದ ಮಕ್ಕಳಿಗೆ ನಾರಿನ ಲೆಕ್ಕಕ್ಕೆ ಒಂದು ಹಳೆಯ ಸೂತ್ರ ಇದೆ. ವಯಸ್ಸಿಗೆ 5 ಸೇರಿಸಿದರೆ ಬರುವಷ್ಟು ಗ್ರಾಂ. ಆರು ವರ್ಷಕ್ಕೆ 11 ಗ್ರಾಂ. ಇದಕ್ಕಿಂತ ಜಾಸ್ತಿ ಹೇಳುವ ಪಟ್ಟಿಗಳೂ ಇವೆ. ಆದರೆ ಅವು ಅಗಿದು ತಿಂದು ಓಡಾಡುವ ಮಕ್ಕಳಿಗೆ. ದಿನವಿಡೀ ಮಲಗಿರುವ ಮಗುವಿಗೆ ನಾನಂತೂ ಆ ದೊಡ್ಡ ಅಂಕಿಯ ಹಿಂದೆ ಬೀಳುವುದಿಲ್ಲ.

ನನ್ನ ಕಾಗದದ ಲೆಕ್ಕ ತೀರಾ ಕೆಟ್ಟದಾಗಿರಲಿಲ್ಲ. ರಾಗಿ 20 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಅಂದರೆ ನಮಗೆ 2.2. ಹೆಸರುಬೇಳೆ 20 ಗ್ರಾಂಗೆ 1.9. ಕ್ಯಾರೆಟ್ 50 ಗ್ರಾಂಗೆ 2. ಒಟ್ಟು 6 ಗ್ರಾಂ. ಡಬ್ಬಿ ಪುಡಿಯಲ್ಲಿ ನಾರು ಸೊನ್ನೆ. ಅರ್ಧಕ್ಕಿಂತ ಜಾಸ್ತಿ ಇದೆಯಲ್ಲ ಎಂದು ಡಯಟಿಷಿಯನ್ ಮುಂದೆ ಹಾಳೆ ಇಟ್ಟೆ.

ಅವರು ಬೆಳಗಾವಿ ಕಡೆಯವರು. ಹಾಳೆ ನೋಡಿದರು, ಬದಿಗಿಟ್ಟರು. “ಇದನ್ನ ಸೋಸಿ ಕೊಡ್ತೀರೇನ್ರೀ?” ಎಂದರು.

“ಹೂಂ, ಇಲ್ಲಾಂದ್ರೆ ಟ್ಯೂಬ್ ಕಟ್ಕೊಳ್ಳುತ್ತಲ್ಲ. ಬಟ್ಟೇಲಿ ಸೋಸ್ತೀನಿ.”

“ಸೋಸಿದ ಮ್ಯಾಲೆ ಬಟ್ಟ್ಯಾಗ ಉಳದದ್ದು ಎಲ್ಲಿ ಹಾಕ್ತೀರಿ ಅಕ್ಕಾರ?”

“ಸಿಂಕಿಗೆ.”

“ಹಂಗಾರ ನಾರೆಲ್ಲಾ ಸಿಂಕಿಗೆ ಉಣ್ಣಸಾಕತ್ತೀರಿ ನೋಡ್ರಿ.”

ಮನೆಗೆ ಬಂದು ಮರುದಿನ ಮಧ್ಯಾಹ್ನದ ಫೀಡ್ ಸೋಸಿದಾಗ ಬಟ್ಟೆಯಲ್ಲಿ ಉಳಿದದ್ದನ್ನು ತಟ್ಟೆಗೆ ಕೊಡವಿ ನೋಡಿದೆ. ಕಿತ್ತಳೆ ಬಣ್ಣದ ಒಂದು ಹಿಡಿ ಉಂಡೆ. ಬೆರಳಲ್ಲಿ ಉಜ್ಜಿದರೆ ತರಿತರಿ. ಕ್ಯಾರೆಟ್ಟಿನ ನಾರು ಕಣ್ಣಿಗೇ ಕಾಣುತ್ತಿತ್ತು. ಇಷ್ಟು ದಿನ ಇದನ್ನೇ ನಲ್ಲಿ ಕೆಳಗೆ ಕೊಚ್ಚಿ ಕಳಿಸುತ್ತಿದ್ದೆ. ಬಟ್ಟೆಯಿಂದ ಇಳಿದು ಬಂದದ್ದು ಗಂಜಿಯ ಪಿಷ್ಟ, ಸ್ವಲ್ಪ ಬೇಳೆ, ಬಣ್ಣ.

ಇದು ಒಂದು ಸೋರಿಕೆ. ಇನ್ನೊಂದು ರಾಗಿಯಲ್ಲೇ ಇತ್ತು. ಊರಿಂದ ಬಂದ ರಾಗಿ ಹಿಟ್ಟು ಮಾರ್ಚ್‌ನಲ್ಲಿ ಮುಗಿದಿತ್ತು. ನಮ್ಮವರು ಹತ್ತಿರದ ಅಂಗಡಿಯಿಂದ ನಾಚಣಿ ಸತ್ವದ ಪ್ಯಾಕೆಟ್ ತಂದರು. ನಾಚಣಿ ಅಂದರೆ ಇಲ್ಲಿ ರಾಗಿ, ಹಾಗಾಗಿ ಸತ್ವ ಅಂದರೆ ಒಳ್ಳೆಯ ರಾಗಿ ಹಿಟ್ಟೇ ಇರಬೇಕು ಎಂದುಕೊಂಡೆವು. ನಯವಾಗಿತ್ತು, ಒಂದು ದಿನವೂ ಟ್ಯೂಬ್ ಕಟ್ಟಲಿಲ್ಲ, ನನಗೋ ಖುಷಿಯೋ ಖುಷಿ. ಅದನ್ನು ಮಾಡುವ ವಿಧಾನ ಕೇಳಿದ ಮೇಲೆ ತಲೆ ಚಚ್ಚಿಕೊಂಡೆ. ರಾಗಿ ನೆನೆಸಿ, ಮೊಳಕೆ ಬರಿಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ತಳಕ್ಕೆ ಕೂತದ್ದನ್ನು ಒಣಗಿಸಿದರೆ ಅದೇ ಸತ್ವ. ನಮ್ಮಲ್ಲಿ ಕೂಸುಗಳಿಗೆ ರಾಗಿ ಸರಿ ಮಾಡುವಾಗ ಬಟ್ಟೆಯಲ್ಲಿ ಶೋಧಿಸುವುದಿಲ್ಲವೇ, ಹಾಗೆ. ಎಳೆ ಕೂಸಿಗೆ ಅದು ಸರಿಯೇ. ಆದರೆ ರಾಗಿಯ ನಾರೆಲ್ಲ ಹೆಚ್ಚು ಕಡಿಮೆ ಸಿಪ್ಪೆಯಲ್ಲಿದೆ, ಸಿಪ್ಪೆ ಬಟ್ಟೆಯಲ್ಲೇ ಉಳಿಯುತ್ತದೆ. ಸತ್ವವನ್ನು ಗುರುತಿಸುವುದು ಸುಲಭ. ಇಡೀ ರಾಗಿಯ ಹಿಟ್ಟು ಕಂದು ಕೆಂಪು, ಸತ್ವ ಮಾಸಲು ಬಿಳಿ. ನನ್ನ 2.2 ಗ್ರಾಂ ಅಲ್ಲೇ ಕಳೆದುಹೋಗಿತ್ತು, ಮೇಲಿಂದ ಅದನ್ನೂ ಇನ್ನೊಂದು ಸಲ ಸೋಸುತ್ತಿದ್ದೆ!

ಆದ್ದರಿಂದ ನಾರಿನ ಲೆಕ್ಕ ಹಾಕುವಾಗ ಮಿಕ್ಸಿ ಜಾರಿಗೆ ಹಾಕಿದ್ದನ್ನು ಬರೆಯಬೇಡಿ. ಸೋಸಿದ ಮೇಲೆ ಉಳಿದದ್ದನ್ನು ಒಂದು ದಿನ ತಟ್ಟೆಗೆ ಹಾಕಿ ನೋಡಿ, ಆಮೇಲೆ ಪೆನ್ನು ಹಿಡಿಯಿರಿ. ಡಬ್ಬಿ ಪುಡಿಯಲ್ಲೂ ಇಂಥದೇ ಒಂದು ಎಡವಟ್ಟು ಆಗುತ್ತದೆ. ಡಬ್ಬಿಯ ಹಿಂದೆ ಡಯೆಟರಿ ಫೈಬರ್ ಎಂಬ ಸಾಲು ನೂರು ಗ್ರಾಂ ಪುಡಿಗೋ, ನೂರು ಮಿಲಿ ಕಲಸಿದ್ದಕ್ಕೋ ನೋಡಿಕೊಳ್ಳಿ. ನೂರು ಗ್ರಾಂ ಪುಡಿಗೆ 2.5 ಎಂದಿದ್ದು, ಮಗು ದಿನಕ್ಕೆ 130 ಗ್ರಾಂ ಪುಡಿ ಕುಡಿಯುತ್ತಿದ್ದರೆ ಒಟ್ಟು 3 ಗ್ರಾಂ ಚಿಲ್ಲರೆ, ಅಷ್ಟೇ.

ಸೋಸದೆ ಕೊಡುವುದು ಹೇಗೆ ಮತ್ತೆ?

ಇದಕ್ಕೆ ಉತ್ತರ ಟ್ಯೂಬಿನ ಮೇಲೆ ಬರೆದಿರುತ್ತದೆ. ಟ್ಯೂಬಿನ ದಪ್ಪವನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ನಮ್ಮದು 14, ಅಂದರೆ ಹೊರಗಿಂದ 4.7 ಮಿಲಿಮೀಟರ್, ಒಳಗಿನ ಕಿಂಡಿ ಅದಕ್ಕಿಂತ ಸಣ್ಣದು. ಚೆನ್ನಾಗಿ ನುಣ್ಣಗಾದ ಮನೆ ಊಟ ಇದರಲ್ಲಿ ಇಳಿಯುತ್ತದೆ. ಮೂಗಿನಿಂದ ಹಾಕಿರುವ ಮಕ್ಕಳ ರೈಲ್ಸ್ ಟ್ಯೂಬ್ 8 ಫ್ರೆಂಚ್ ಆಗಿದ್ದರೆ ಹೊರಗಿಂದಲೇ 2.7 ಮಿಲಿಮೀಟರ್. ಅದರಲ್ಲಿ ರಾಗಿ ಸಿಪ್ಪೆ, ಕ್ಯಾರೆಟ್ ನಾರು ಇಳಿಸುವ ಸಾಹಸ ಬೇಡ. ಅಂಥ ಮಕ್ಕಳಿಗೆ ನಾರು ಬೇಕಾದರೆ ನಾರು ಬೆರೆಸಿದ ಫಾರ್ಮುಲಾ, ಇಲ್ಲವೇ ನೀರಲ್ಲಿ ಪೂರ್ತಿ ಕರಗುವ ನಾರು. ಹೊಟ್ಟೆಚೀಲ ದಾಟಿ ಸಣ್ಣ ಕರುಳಿಗೇ ಹೋಗುವ ಟ್ಯೂಬ್ ಇದ್ದರೆ ಮನೆ ಊಟವೇ ಬೇಡ. ಹೊಟ್ಟೆಯ ಆಮ್ಲದ ಕಾವಲು ಅಲ್ಲಿ ಇಲ್ಲ, ಸೋಂಕು ಸೀದಾ ಒಳಗೆ ಹೋಗುತ್ತದೆ.

ನಾವು ಮಾಡಿದ್ದು: ಬಟ್ಟೆ ಬಿಟ್ಟು ಸಣ್ಣ ಕಣ್ಣಿನ ಟೀ ಜಾಲರಿಗೆ ಬಂದೆವು. ಬೇಳೆ, ಕ್ಯಾರೆಟ್ ಕುಕ್ಕರಿನಲ್ಲಿ ಇನ್ನೆರಡು ಸೀಟಿ ಜಾಸ್ತಿ. ಮಿಕ್ಸಿ ಒಂದು ನಿಮಿಷದ ಬದಲು ನಾಲ್ಕು ನಿಮಿಷ, ನಡುವೆ ಬಿಟ್ಟು ಬಿಟ್ಟು. ಜಾಲರಿಯಲ್ಲಿ ಉಳಿದದ್ದನ್ನು ಚೆಲ್ಲದೆ ಸ್ವಲ್ಪ ನೀರು ಹಾಕಿ ಮತ್ತೆ ಮಿಕ್ಸಿಗೆ. ಈಗ ಜಾಲರಿಯಲ್ಲಿ ಉಳಿಯುವುದು ಅರ್ಧ ಚಮಚ.

ಸತ್ವ ಬಿಟ್ಟು ಇಡೀ ರಾಗಿ ಹಿಟ್ಟಿಗೆ ಬಂದಾಗ ಹೊಸ ತಲೆನೋವು ಶುರುವಾಯಿತು. ಗಂಜಿ ಆರುತ್ತಿದ್ದಂತೆ ಅಂಟಿನ ಹಾಗೆ ದಪ್ಪಗಾಗುತ್ತದೆ, ಸಿರಿಂಜಿನಿಂದ ಕೆಳಗೆ ಇಳಿಯುವುದಿಲ್ಲ. ನೀರು ಸುರಿದು ತೆಳು ಮಾಡಿದರೆ ಅದೇ 150 ಮಿಲಿಯಲ್ಲಿ ಕ್ಯಾಲೊರಿ ಕಡಿಮೆ. ಇದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ: ಮೊಳಕೆ ರಾಗಿಯ ಹಿಟ್ಟು. ಮೊಳಕೆ ಬಂದ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ, ಅದು ಪಿಷ್ಟವನ್ನು ತುಂಡರಿಸುತ್ತದೆ. ಬರೋಡಾದ ಸಂಶೋಧಕರು 1980ರ ದಶಕದಲ್ಲಿ ಇದನ್ನೇ ಎಳೆಮಕ್ಕಳ ಗಂಜಿಗೆ ಬಳಸುವ ಬಗ್ಗೆ ಕೆಲಸ ಮಾಡಿದ್ದಾರೆ. ಗಂಜಿ ಬೆಂದ ಮೇಲೆ ಕುದಿ ನಿಂತು ಸ್ವಲ್ಪ ಬಿಸಿ ಇಳಿದಾಗ ಅರ್ಧ ಚಮಚ ಮೊಳಕೆ ಹಿಟ್ಟು ಹಾಕಿ ಕಲಕಿ. ಕುದಿಯುವಾಗ ಹಾಕಿದರೆ ಕಿಣ್ವ ಸತ್ತುಹೋಗುತ್ತದೆ. ಹತ್ತು ನಿಮಿಷದಲ್ಲಿ ಸೌಟಿಗೆ ಅಂಟಿಕೊಂಡಿದ್ದ ಗಂಜಿ ಸಾರಿನಂತೆ ಜಾರುತ್ತದೆ. ಮೊದಲ ಸಲ ನೋಡಿದಾಗ ಪಾತ್ರೆಯಲ್ಲಿ ಏನೋ ಮಾಟ ನಡೆದ ಹಾಗೆ ಅನಿಸಿತು. ಆಮೇಲೆ ಇನ್ನೊಮ್ಮೆ ಚೆನ್ನಾಗಿ ಕುದಿಸಿ. ಇದನ್ನು ಬಿಡಬೇಡಿ, ಮೊಳಕೆ ಹಿಟ್ಟಿನಲ್ಲಿ ಕ್ರಿಮಿ ಇರಬಹುದು.

ದಿನಾ ಒಂದೇ ಹದ ಬಂತೋ ಇಲ್ಲವೋ ನೋಡಲು 10 ಮಿಲಿ ಸಿರಿಂಜಿನ ಪರೀಕ್ಷೆ ಮಾಡುತ್ತೇನೆ. ಒಳಗಿನ ದಂಡ ತೆಗೆದು, ತುದಿಗೆ ಬೆರಳಿಟ್ಟು, 10 ಮಿಲಿ ತುಂಬಿ, ಬೆರಳು ತೆಗೆದು 10 ಸೆಕೆಂಡ್ ಎಣಿಸುವುದು. ನುಂಗುವ ತೊಂದರೆ ಇರುವವರಿಗೆ ಆಹಾರದ ದಪ್ಪ ಅಳೆಯಲು ಮಾಡಿದ ವಿಧಾನ ಇದು. ನಮ್ಮ ಗಂಜಿ 4 ಮಿಲಿಗಿಂತ ಕಡಿಮೆ ಉಳಿದರೆ ಟ್ಯೂಬಿನಲ್ಲಿ ತಾನಾಗಿ ಇಳಿಯುತ್ತದೆ. ಅದಕ್ಕಿಂತ ಜಾಸ್ತಿ ಉಳಿದ ದಿನ ಇನ್ನು ಸ್ವಲ್ಪ ಮೊಳಕೆ ಹಿಟ್ಟು.

ಟ್ಯೂಬ್ ಕಟ್ಟಿತು

ಇಲ್ಲಿ ಇಸಬ್‌ಗೋಲಿನ ಕತೆ ಹೇಳಲೇಬೇಕು. ಆ ಐದು ದಿನದಲ್ಲಿ ಅತ್ತೆ ಊರಿಂದ ಫೋನ್ ಮಾಡಿದ್ದರು. “ಒಂದ್ ಚಮಚ ಇಸಬ್‌ಗೋಲ್ ಹಾಕಮ್ಮ. ನಿಮ್ಮ ಮಾವ ದಿನಾ ರಾತ್ರಿ ಕುಡೀತಾರೆ, ಬೆಳಿಗ್ಗೆ ಸಲೀಸು ಕಣಮ್ಮ.” ಮಾತು ಸುಳ್ಳಲ್ಲ. ಇಸಬ್‌ಗೋಲ್ ಒಳ್ಳೆಯ ನಾರು. ಬಾಯಿಂದ ಕುಡಿದು ಮೇಲೆ ದೊಡ್ಡ ಲೋಟ ನೀರು ಕುಡಿಯುವವರಿಗೆ. ನಾನು ನೀರಿಗೆ ಕಲಸಿ, ಸಿರಿಂಜಿಗೆ ಸುರಿದು, ಬಾಗಿಲು ಬಡಿದ ಸದ್ದಿಗೆ ಎದ್ದು ಹೋದೆ. ಗ್ಯಾಸ್ ಸಿಲಿಂಡರಿನವನು. ಬರುವಷ್ಟರಲ್ಲಿ ಸಿರಿಂಜಿನಲ್ಲಿ ಇದ್ದದ್ದು ನೀರಲ್ಲ, ಜೆಲ್ಲಿ. ಟ್ಯೂಬಿನೊಳಗೂ ಅದೇ.

ನಂಬಿಕೆ ಬರದಿದ್ದರೆ ಲೋಟದಲ್ಲಿ ಮಾಡಿ ನೋಡಿ. ಒಂದು ಚಮಚ ಇಸಬ್‌ಗೋಲ್, ಅರ್ಧ ಲೋಟ ನೀರು, ಐದು ನಿಮಿಷ. ಆಮೇಲೆ ಚಮಚ ನಿಲ್ಲಿಸಿ. ಟ್ಯೂಬಿಗೆ ಇಸಬ್‌ಗೋಲ್ ಹಾಕಬೇಡಿ, ಎಷ್ಟೇ ತೆಳುವಾಗಿ ಕಲಸಿದರೂ ಬೇಡ. ಟ್ಯೂಬಿಗೆ ಹೊಂದುವುದು ಒಡೆದು ಸಣ್ಣದು ಮಾಡಿದ ಗೋರಿಕಾಯಿ ಬೀಜದ ಅಂಟು, ಅಂದರೆ ಪಾರ್ಷಿಯಲಿ ಹೈಡ್ರೊಲೈಸ್ಡ್ ಗೌರ್ ಗಮ್. ಹೆಸರು ಉದ್ದ, ಆದರೆ ನೀರಿಗೆ ಹಾಕಿದರೆ ಸಕ್ಕರೆಯಂತೆ ಕರಗಿ ತೆಳುವಾಗಿಯೇ ಉಳಿಯುತ್ತದೆ. ಮಾಮೂಲಿ ಗೌರ್ ಗಮ್ ಬೇರೆ, ಅದು ಅಂಟೇ.

ಕಟ್ಟಿದಾಗ ಮಾಡುವುದು ಇಷ್ಟು. ಉಗುರುಬೆಚ್ಚಗಿನ ನೀರು, 50 ಅಥವಾ 60 ಮಿಲಿಯ ದೊಡ್ಡ ಸಿರಿಂಜ್. ಸಣ್ಣ ಸಿರಿಂಜ್ ಬೇಡ, ಅದರ ಒತ್ತಡ ಜಾಸ್ತಿ, ಟ್ಯೂಬ್ ಸೀಳಬಹುದು. ಮೊದಲು ಹಿಂದಕ್ಕೆ ಎಳೆಯಿರಿ. ಆಮೇಲೆ ಮೆಲ್ಲಗೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಹದಿನೈದು ನಿಮಿಷ ನೀರು ಒಳಗೇ ಬಿಟ್ಟು ಕ್ಲಿಪ್ ಹಾಕಿ, ಟ್ಯೂಬನ್ನು ಬೆರಳಲ್ಲಿ ಹಿಸುಕಿ, ಮತ್ತೆ ಪ್ರಯತ್ನಿಸಿ. ಕೋಲಾ ಹಾಕಿ ಎನ್ನುವವರು ಇದ್ದಾರೆ. ಅದರ ಹುಳಿಗೆ ಹಾಲಿನ ಅಂಶ ಒಡೆದು ಇನ್ನೂ ಗಟ್ಟಿಯಾಗಬಹುದು. ತಂತಿ ತೂರಿಸುವ ಯೋಚನೆಯನ್ನೇ ಮಾಡಬೇಡಿ. ಆವತ್ತು ನನ್ನ ಬೆಚ್ಚಗಿನ ನೀರು ನಡೆಯಲಿಲ್ಲ. ಟ್ಯೂಬ್ ಬದಲಿಸಬೇಕಾಯಿತು, ಆಟೋದಲ್ಲಿ ಮಗಳನ್ನು ತೊಡೆ ಮೇಲೆ ಇಟ್ಟುಕೊಂಡು ಹೋಗಿ.

ಭೇದಿ ಆಗುತ್ತಿದೆ

ಮೊದಲ ಪ್ರಶ್ನೆ ಆಗಲೇ ಹೇಳಿದೆ: ಹಿಂದಿನ ವಾರ ಗಟ್ಟಿಯಾಗಿತ್ತೇ? ಹೌದಾದರೆ ಹೊಟ್ಟೆ ಮುಟ್ಟಿಸಿ ನೋಡಿಸಿ. ಇಲ್ಲವಾದರೆ ಬೈಗುಳ ಎಲ್ಲ ಫಾರ್ಮುಲಾಕ್ಕೆ ಅಥವಾ ನಾರಿಗೆ ಬೀಳುತ್ತದೆ, ಆದರೆ ಎಷ್ಟೋ ಸಲ ತಪ್ಪು ಔಷಧಿ ಬಾಟಲಿಯಲ್ಲಿರುತ್ತದೆ. ಸಕ್ಕರೆ ಇಲ್ಲದ ಸಿರಪ್‌ಗಳಲ್ಲಿ ಸಿಹಿಗೆ ಸಾರ್ಬಿಟಾಲ್ ಹಾಕಿರುತ್ತಾರೆ. ಅದು ಕರುಳಿಗೆ ನೀರು ಎಳೆಯುತ್ತದೆ. ಒಂದೇ ಸಿರಪ್ ಆದರೆ ಸರಿ, ದಿನಕ್ಕೆ ನಾಲ್ಕು ಸಿರಪ್ ಟ್ಯೂಬಿಗೆ ಹಾಕುವ ಮಕ್ಕಳಿಗೆ ಒಟ್ಟು ಜಾಸ್ತಿಯಾಗುತ್ತದೆ. ಆಂಟಿಬಯೋಟಿಕ್ ಶುರುವಾಗಿದೆಯೇ ಅದನ್ನೂ ನೋಡಿ.

ಆಮೇಲೆ ಶುಚಿ. ಮನೆಯ ಗಂಜಿ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ, ಕಲಸಿದ ಪುಡಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ಆದರೆ 24 ಗಂಟೆ. ಫ್ರಿಜ್‌ನಿಂದ ತೆಗೆದದ್ದನ್ನು ತಣ್ಣಗೇ ಸರ್ರನೆ ತಳ್ಳಿದರೂ ಹೊಟ್ಟೆ ಕೆಡುತ್ತದೆ. ಮಿಕ್ಸಿ ಜಾರಿನ ಬ್ಲೇಡ್ ಕೆಳಗಿನ ವಾಷರ್ ಒಮ್ಮೆ ತೆಗೆದು ನೋಡಿ. ನಾನು ನೋಡಿದೆ, ವರ್ಣಿಸುವುದಿಲ್ಲ.

ಇಷ್ಟೆಲ್ಲ ಸರಿ ಇದ್ದೂ ಸಡಿಲವಾಗಿಯೇ ಇದ್ದರೆ ಕರಗುವ ನಾರು ಇಲ್ಲೂ ಕೆಲಸಕ್ಕೆ ಬರುತ್ತದೆ. ಗಟ್ಟಿಯಾದದ್ದನ್ನು ಮೆತ್ತಗೆ ಮಾಡುವ ನಾರೇ ಸಡಿಲವಾದದ್ದನ್ನು ಹಿಡಿದಿಡುವುದು ಹೇಗೆ ಎಂದು ನನಗೂ ಅನುಮಾನವಿತ್ತು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಕರಗುವ ನಾರನ್ನು ಹುಳಿಸಿ ಬ್ಯುಟಿರೇಟ್‌ನಂಥ ಸಣ್ಣ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಗೋಡೆಗೆ ಅದೇ ಊಟ. ಅದರ ಜೊತೆ ಉಪ್ಪು ಒಳಕ್ಕೆ ಹೋಗುತ್ತದೆ, ಉಪ್ಪಿನ ಹಿಂದೆ ನೀರು. ಢಾಕಾದಲ್ಲಿ ದಿನಗಟ್ಟಲೆ ಭೇದಿ ನಿಲ್ಲದ ಕೂಸುಗಳಿಗೆ ಬೇಯಿಸಿದ ಬಾಳೆಕಾಯಿಯನ್ನು ಅಕ್ಕಿಯ ಊಟದಲ್ಲಿ ಬೆರೆಸಿ ಕೊಟ್ಟು ಗುಣ ಕಂಡ ಅಧ್ಯಯನ 2001ರಲ್ಲಿ ಪ್ರಕಟವಾಗಿದೆ. ನಮ್ಮ ಅಜ್ಜಿಯರಿಗೆ ಇದು ಹೊಸದೇನಲ್ಲ ಅಲ್ವಾ. ಟ್ಯೂಬಿಗೆ ಹಾಕುವುದಾದರೆ ಮಾತ್ರ ಬಾಳೆಕಾಯಿ ಬಹಳ ಅಂಟು, ಸಿರಿಂಜಿನ ಪರೀಕ್ಷೆ ಮಾಡದೆ ಬೇಡ. ಕರುಳು ಕತ್ತರಿಸಿ ಚಿಕ್ಕದಾಗಿರುವ ಮಕ್ಕಳಿಗೆ, ಐಸಿಯುನಲ್ಲಿರುವ ಮಕ್ಕಳಿಗೆ ನಾರಿನ ವಿಷಯ ಪೂರ್ತಿ ಡಾಕ್ಟರಿಗೇ ಬಿಡಿ. ಚಲನೆ ಇಲ್ಲದ ಕರುಳಿನಲ್ಲಿ ನಾರು ಉಂಡೆಕಟ್ಟಿ ನಿಲ್ಲಬಹುದು.

ಗ್ಯಾಸ್, ಉಬ್ಬರ

ನೀರು ಮತ್ತು ಜಾಲರಿ ಸರಿಯಾಗಿ ಎರಡು ವಾರ ಕಳೆದ ಮೇಲೆ ಡಯಟಿಷಿಯನ್ ಪುಡಿಯನ್ನೂ ನಾರು ಇರುವುದಕ್ಕೆ ಬದಲಿಸಿದರು. ನಾಲ್ಕೂ ಫೀಡ್ ಒಂದೇ ದಿನ ಬದಲಿಸಿದ್ದು ನಾನು, ಅವರು ಹೇಳಿರಲಿಲ್ಲ. ಸಂಜೆಗೆ ಮಗಳ ಹೊಟ್ಟೆ ತಮಟೆ. ಅದರಲ್ಲಿದ್ದ ಫ್ರಕ್ಟೊ ಆಲಿಗೊಸ್ಯಾಕರೈಡ್ ಎಂಬ ನಾರು ಕರುಳಿನಲ್ಲಿ ಬೇಗ ಹುಳಿಯುವ ಜಾತಿ, ಗ್ಯಾಸ್ ಒಮ್ಮೆಗೇ ಬರುತ್ತದೆ. ಸಿರಿಂಜಿನ ದಂಡ ತೆಗೆದು ಟ್ಯೂಬಿಗೆ ಸಿಕ್ಕಿಸಿ ಹೊಟ್ಟೆಗಿಂತ ಮೇಲೆ ಹಿಡಿದರೆ ಹೊಟ್ಟೆಚೀಲದ ಗಾಳಿ ಹೊರಬರುತ್ತದೆ. ಕರುಳಿನ ಗಾಳಿಗೆ ಅದು ನಾಟುವುದಿಲ್ಲ, ಕಾಯಬೇಕು. ಮರುದಿನದಿಂದ ಒಂದೇ ಫೀಡ್ ಹೊಸದು, ಮೂರು ಹಳೆಯದು. ಮೂರು ನಾಲ್ಕು ದಿನಕ್ಕೊಂದು ಏರಿಸಿದಾಗ ತೊಂದರೆ ಆಗಲಿಲ್ಲ.

ಒಂದು ತಪ್ಪೊಪ್ಪಿಗೆ

ನೀರು ಏರಿಸಿದ್ದು, ಸತ್ವ ಬಿಟ್ಟದ್ದು, ಬಟ್ಟೆ ಬಿಟ್ಟದ್ದು, ಮೂರನ್ನೂ ಒಂದೇ ವಾರದಲ್ಲಿ ಮಾಡಿದೆ. ಗಾಬರಿಯಲ್ಲಿ ಯಾರು ತಾನೇ ಕಾಯುತ್ತಾರೆ. ಮೋಷನ್ ಸರಿಯಾಯಿತು, ಆದರೆ ಯಾವುದರಿಂದ ಎಷ್ಟು ಎಂದು ಹೇಳಲಾರೆ. ನೀರಿನದೇ ದೊಡ್ಡ ಪಾಲು ಎಂದು ನನ್ನ ಅಂದಾಜು. ಯಾಕೆಂದರೆ ಡಿಸೆಂಬರ್‌ನಲ್ಲಿ ಜ್ವರ ಬಂದು ನಾಲ್ಕು ದಿನ ನೀರು ಕಡಿಮೆಯಾದಾಗ, ನಾರು ಅಷ್ಟೇ ಇದ್ದರೂ ಮತ್ತೆ 2ಕ್ಕೆ ಇಳಿಯಿತು. ನಿಮಗೆ ಆತುರ ಇಲ್ಲದಿದ್ದರೆ ಒಂದು ಬದಲಾವಣೆ, ಮೂರು ದಿನ ಬರೆಯುವುದು, ಆಮೇಲೆ ಮುಂದಿನದು.

ಈಗ ದಿನ ಬಿಟ್ಟು ದಿನ ಆಗುತ್ತದೆ, ಪಟ್ಟಿಯಲ್ಲಿ 3 ಅಥವಾ 4. ನಾರು ದಿನಕ್ಕೆ 9 ಗ್ರಾಂ ಹತ್ತಿರ. 11 ಮುಟ್ಟಿಲ್ಲ, ಡಯಟಿಷಿಯನ್ “ಸಾಕ್ರಿ, ಬಿಡ್ರಿ” ಎಂದಿದ್ದಾರೆ. ಊರಿಂದ ರಾಗಿ ಬರುವಾಗ ಅತ್ತೆ ಎರಡು ಪೊಟ್ಟಣ ಕಳಿಸುತ್ತಾರೆ, ಮೊಳಕೆಯದ್ದಕ್ಕೆ ಕೆಂಪು ದಾರ. ಹೋದ ತಿಂಗಳು ಟ್ಯೂಬ್ ಒಮ್ಮೆ ಕಟ್ಟಿತು. ರಾಗಿಯನ್ನೇ ಬೈದುಕೊಂಡು ಹಿಂದಕ್ಕೆ ಎಳೆದರೆ ಬಂದದ್ದು ಸರಿಯಾಗಿ ಪುಡಿಯಾಗದ ಮಾತ್ರೆಯ ಚೂರು.